ಮುತ್ತಜ್ಜನ ಹೆಸರು ಯಾವ ದಫ್ತರದಲ್ಲಿದೆ?

(ರಾಜೂರಿನಲ್ಲಿ ಗ್ರಾಮಸ್ಥರ ಮುಂದೆ ಮಾಡಿದ ಉಪನ್ಯಾಸದ ಪಠ್ಯ)



ವಂಶಾವಳಿ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ದಿನವೂ ಕೇಳಿಬರುತ್ತದೆ. ಹೊಲ ಪಾಲಾಗಬೇಕಾದರೆ ವಂಶಾವಳಿ ಬೇಕು. ತೀರಿಹೋದವರ ಹೆಸರು ಕಡಿಮೆಯಾಗಿ ಮಕ್ಕಳ ಹೆಸರಿಗೆ ವಾರಸಾ ಆಗಬೇಕಾದರೆ ಬೇಕು. ದಾವೆ ಹೂಡಿದರೆ ವಕೀಲರು ಮೊದಲು ಕೇಳುವುದೂ ಅದನ್ನೇ. ಕಚೇರಿಗೆ ಮೂರೋ ನಾಲ್ಕೋ ತಲೆಮಾರು ಸಾಕು. ಆದರೆ ಆ ಹಾಳೆ ಬರೆಸಲು ಕುಳಿತಾಗ ಮನೆಯಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ. ಮುತ್ತಜ್ಜನ ಅಪ್ಪ ಯಾರು? ಅವರು ಈ ಊರಿನವರೇ ಆಗಿದ್ದರೋ, ಬೇರೆ ಕಡೆಯಿಂದ ಬಂದವರೋ? ಬಂದದ್ದಾದರೆ ಯಾವಾಗ, ಏಕೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವರು ಸಾಮಾನ್ಯವಾಗಿ ಹೆಸರನ್ನು ಹುಡುಕುತ್ತಾರೆ. ಹೆಸರು ಸಿಗದೆ ಕೈಬಿಡುತ್ತಾರೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ಹೆಸರಿಗಿಂತ ಮೊದಲು ಆ ಕಾಲದಲ್ಲಿ ಈ ನೆಲವನ್ನು ಆಳುತ್ತಿದ್ದವರು ಯಾರು, ಅವರಿಗೆ ನಮ್ಮಿಂದ ಏನು ಬೇಕಾಗಿತ್ತು ಎಂಬುದನ್ನು ತಿಳಿದುಕೊಳ್ಳಬೇಕು. ಸರಕಾರ ತನಗೆ ಬೇಕಾದದ್ದನ್ನು ಮಾತ್ರ ಬರೆದಿಡುತ್ತದೆ. ಅದಕ್ಕೆ ಬೇಕಿಲ್ಲದವರ ಹೆಸರು ದಫ್ತರದಲ್ಲಿ ಇರುವುದಿಲ್ಲ. ನಿಮ್ಮ ಮುತ್ತಜ್ಜ ದಫ್ತರದಲ್ಲಿ ಸಿಗುವುದೂ ಸಿಗದಿರುವುದೂ ಈ ಒಂದು ಸಂಗತಿಯನ್ನು ಅವಲಂಬಿಸಿದೆ.

ಪರರ ಭಾಷೆಯಲ್ಲಿ ಬರೆದ ಮನೆತನ

ಮಾತು ಸ್ಪಷ್ಟವಾಗಲು ದೂರದ ದೇಶವೊಂದರ ಉದಾಹರಣೆ ತೆಗೆದುಕೊಳ್ಳೋಣ. ಯುರೋಪಿನ ಉತ್ತರದ ತುದಿಯಲ್ಲಿ ಫಿನ್‌ಲ್ಯಾಂಡ್ ಎಂಬ ದೇಶವಿದೆ. ಅದು ಸುಮಾರು ಆರು ಶತಮಾನಗಳ ಕಾಲ ನೆರೆಯ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. 1809ರಲ್ಲಿ ಯುದ್ಧದಲ್ಲಿ ಸೋತ ಸ್ವೀಡನ್ ಅದನ್ನು ರಷ್ಯಾಕ್ಕೆ ಬಿಟ್ಟುಕೊಟ್ಟಿತು. 1917ರಲ್ಲಿ ಅದು ಸ್ವತಂತ್ರವಾಯಿತು. ಅಲ್ಲಿನ ಹಳ್ಳಿಗರು ಆಡುತ್ತಿದ್ದುದು ಫಿನ್ನಿಷ್. ಆದರೆ ಕಚೇರಿ, ಕೋರ್ಟು, ಚರ್ಚಿನ ಪುಸ್ತಕ ಎಲ್ಲವೂ ಸ್ವೀಡಿಷ್‌ನಲ್ಲಿದ್ದವು. ಈ ಎರಡು ಭಾಷೆಗಳಿಗೆ ಸಂಬಂಧವೇ ಇಲ್ಲ. ಮನೆಯಲ್ಲಿ ಮತ್ತಿ ಎಂದು ಕರೆಸಿಕೊಳ್ಳುತ್ತಿದ್ದ ರೈತ ಪುಸ್ತಕದಲ್ಲಿ ಮ್ಯಾಟ್ಸ್ ಆಗುತ್ತಿದ್ದ. ಫಿನ್ನಿಷ್‌ಗೆ ಕಚೇರಿಯಲ್ಲಿ ಸ್ಥಾನ ಕೊಡಬೇಕೆಂಬ ಆಜ್ಞೆ ಹೊರಟದ್ದು 1863ರಲ್ಲಿ.

ಹೀಗಾಗಿ ಇಂದು ಫಿನ್‌ಲ್ಯಾಂಡಿನಲ್ಲಿ ತನ್ನ ವಂಶ ಹುಡುಕುವವನು ಮೊದಲು ಹಳೆಯ ಸ್ವೀಡಿಷ್ ಕೈಬರಹ ಓದಲು ಕಲಿಯಬೇಕು. ಆದರೆ ಕಲಿತರೆ ಅವನಿಗೆ ಸಿಗುವ ಸಂಪತ್ತು ದೊಡ್ಡದು. ಸ್ವೀಡನ್ನಿನ ದೊರೆಗೆ ಮೂರು ವಸ್ತುಗಳು ಬೇಕಾಗಿದ್ದವು: ತೆರಿಗೆ, ಸೈನಿಕರು ಮತ್ತು ಧರ್ಮನಿಷ್ಠೆ. ತೆರಿಗೆಗಾಗಿ 16ನೇ ಶತಮಾನದಿಂದಲೇ ಭೂಮಿಯ ಲೆಕ್ಕ ಬರೆಸಿದ. 1634ರಿಂದ ತಲೆಗಂದಾಯದ ಪಟ್ಟಿ ಬಂದಿತು. 1686ರ ಚರ್ಚ್ ಕಾನೂನು ಪ್ರತಿಯೊಬ್ಬ ಪಾದ್ರಿಯೂ ತನ್ನ ಊರಿನ ಜನನ, ಮದುವೆ, ಮರಣಗಳನ್ನು ಬರೆದಿಡಬೇಕೆಂದು ವಿಧಿಸಿತು. ಇಷ್ಟೇ ಅಲ್ಲ. ಪಾದ್ರಿ ಮನೆಮನೆಯ ಜನರನ್ನು ಕೂಡಿಸಿ ಅವರಿಗೆ ಧರ್ಮಗ್ರಂಥದ ಪಾಠ ಬರುತ್ತದೆಯೇ ಎಂದು ಪರೀಕ್ಷೆ ಮಾಡಿ ಗುರುತು ಹಾಕುತ್ತಿದ್ದ. ಪರೀಕ್ಷೆ ಎಲ್ಲರಿಗೂ ಇದ್ದುದರಿಂದ ಯಜಮಾನನ ಹೆಸರಿನ ಕೆಳಗೆ ಹೆಂಡತಿಯ ಹೆಸರು, ಅದರ ಕೆಳಗೆ ಮಕ್ಕಳು, ಮನೆಯಾಳು, ಕೆಲಸದ ಹುಡುಗಿ ಎಲ್ಲರೂ ಪುಸ್ತಕದಲ್ಲಿ ಬಂದರು. ಅಂಗೈ ಅಗಲ ಹೊಲವಿಲ್ಲದವನೂ ಬಂದ.

ಸ್ವೀಡನ್ನಿನ ದೊರೆಗೆ ಫಿನ್‌ಲ್ಯಾಂಡಿನ ಕೂಲಿಯವಳ ಮೇಲೆ ವಿಶೇಷ ಪ್ರೀತಿಯೇನೂ ಇರಲಿಲ್ಲ. ಅವಳ ಆತ್ಮದ ಲೆಕ್ಕ ತನ್ನ ಹೊಣೆ ಎಂದು ಅವನ ಚರ್ಚು ತಿಳಿದಿತ್ತು, ಅಷ್ಟೇ. ಆ ಒಂದು ಕಾರಣದಿಂದ ಮುನ್ನೂರು ವರ್ಷಗಳ ಮೇಲೂ ಅವಳ ಮರಿಮಕ್ಕಳಿಗೆ ಅವಳ ಹೆಸರು ಸಿಗುತ್ತದೆ.

ಈಗ ನಮ್ಮ ಕಡೆಗೆ ಬರೋಣ.

ಈ ನೆಲದ ಒಡೆಯರು

ರೋಣ, ನರಗುಂದ, ಗಜೇಂದ್ರಗಡದ ಈ ಎರೆಭೂಮಿ ಎಷ್ಟು ಕೈ ಬದಲಾಯಿಸಿತೆಂದರೆ ಒಂದೇ ಮನೆತನದ ಐದಾರು ತಲೆಮಾರುಗಳು ಐದಾರು ಸರಕಾರಗಳಿಗೆ ಕಂದಾಯ ಕಟ್ಟಿರಬಹುದು. ಬಾದಾಮಿ, ಕಲ್ಯಾಣದ ಚಾಲುಕ್ಯರ ಕಾಲ ಬಹಳ ಹಿಂದಿನದು. ಸೂಡಿಯ ಶಾಸನಗಳಲ್ಲಿ ನಮ್ಮ ಮುತ್ತಜ್ಜನನ್ನು ಹುಡುಕುವುದು ಸಾಧ್ಯವಿಲ್ಲದ ಮಾತು. ಮನೆತನದ ಕಾಗದಗಳು ಸಿಗುವ ಸಂಭವ ಇರುವುದು ವಿಜಯನಗರ ಬಿದ್ದ ನಂತರ.

1565ರ ಯುದ್ಧದ ಬಳಿಕ ಈ ಸೀಮೆ ವಿಜಾಪುರದ ಆದಿಲಶಾಹಿಗೆ ಸೇರಿತು. 1686ರಲ್ಲಿ ಔರಂಗಜೇಬ ವಿಜಾಪುರವನ್ನು ಗೆದ್ದ. ಆಮೇಲೆ ಮೊಗಲರ ಹೆಸರಿನಲ್ಲಿ ಸವಣೂರಿನ ನವಾಬರು ಆಳಿದರು. ಅದೇ ಹೊತ್ತಿಗೆ ಮರಾಠರ ಸರದಾರರು ಇಲ್ಲಿ ಬೇರೂರಿದರು. ಗಜೇಂದ್ರಗಡದ ಕೋಟೆಯೊಂದಿಗೆ ಘೋರ್ಪಡೆ ಮನೆತನದ ಹೆಸರು, ನರಗುಂದದ ಗುಡ್ಡದೊಂದಿಗೆ ಭಾವೆ ಮನೆತನದ ಹೆಸರು ಸೇರಿಕೊಂಡದ್ದು ಹೀಗೆ. 18ನೇ ಶತಮಾನದ ನಡುವೆ ಪೇಶ್ವೆಯರ ಕೈ ಮೇಲಾಯಿತು. 1778ರ ಸುಮಾರಿಗೆ ಹೈದರಾಲಿ ಬಂದ. 1785ರಲ್ಲಿ ಟಿಪ್ಪೂ ಸುಲ್ತಾನನ ಸೈನ್ಯ ನರಗುಂದವನ್ನು ಗೆದ್ದಿತು. ಎರಡು ವರ್ಷಗಳ ನಂತರ, 1787ರಲ್ಲಿ, ಟಿಪ್ಪೂ ಮತ್ತು ಮರಾಠರ ನಡುವೆ ಒಪ್ಪಂದವಾದದ್ದು ನಿಮ್ಮ ಪಕ್ಕದ ಗಜೇಂದ್ರಗಡದ ಹೆಸರಿನಲ್ಲೇ. ಇತಿಹಾಸದ ಪುಸ್ತಕಗಳು ಅದನ್ನು ಗಜೇಂದ್ರಗಡದ ಒಪ್ಪಂದ ಎಂದೇ ಕರೆಯುತ್ತವೆ. ಮುಂದೆ 1818ರಲ್ಲಿ ಪೇಶ್ವಾಯಿ ಮುಳುಗಿ ಇಂಗ್ಲಿಷ್ ಕಂಪನಿ ಬಂದಿತು. ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತು. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರು, 1997ರಲ್ಲಿ ಗದಗ ಜಿಲ್ಲೆ, 2018ರಲ್ಲಿ ಗಜೇಂದ್ರಗಡ ತಾಲೂಕು. ಒಂದೇ ಹೊಲದ ಕಾಗದ ಒಮ್ಮೆ ಧಾರವಾಡ ಜಿಲ್ಲೆ, ರೋಣ ತಾಲೂಕು ಎಂದಿದ್ದರೆ ಈಗ ಗದಗ ಜಿಲ್ಲೆ, ಗಜೇಂದ್ರಗಡ ತಾಲೂಕು ಎಂದಿರುವುದು ಇದರಿಂದಲೇ. ಹಳೆಯ ಕಡತ ಹುಡುಕುವವರು ಇದನ್ನು ಮರೆಯಬಾರದು. ಊರು ಇದ್ದಲ್ಲೇ ಇರುತ್ತದೆ, ಕಡತದ ಮೇಲಿನ ಹೆಸರು ಬದಲಾಗುತ್ತದೆ.

ಪಾರಸಿ, ಮೋಡಿ, ಕನ್ನಡ

ಒಡೆಯ ಬದಲಾದಂತೆ ಬರಹವೂ ಬದಲಾಯಿತು. ಆದಿಲಶಾಹಿಯ ಆಜ್ಞೆಗಳು ಪಾರಸಿಯಲ್ಲಿ ಹೊರಡುತ್ತಿದ್ದವು. ಮರಾಠರ ಕಾಲದಲ್ಲಿ ಭಾಷೆ ಮರಾಠಿ, ಲಿಪಿ ಮೋಡಿ. ನಮ್ಮ ಹಿರಿಯರು ಮನೆಯಲ್ಲಿ ಆಡಿದ್ದು ಕನ್ನಡ, ಅವರ ಹೊಲದ ಲೆಕ್ಕ ಇದ್ದದ್ದು ಮೋಡಿಯಲ್ಲಿ. ಫಿನ್‌ಲ್ಯಾಂಡಿನ ಮತ್ತಿಯ ಕಥೆಯೇ ಇಲ್ಲಿಯೂ ನಡೆಯಿತು.

ಮೋಡಿ ಎಂಬುದು ಬೇಗ ಬರೆಯಲು ಅನುಕೂಲವಾದ ಲಿಪಿ. ಬರೆಯುವವನು ಮೊದಲು ಉದ್ದಕ್ಕೆ ಗೆರೆ ಎಳೆದು ಅದರ ಕೆಳಗೆ ಲೇಖನಿ ಎತ್ತದಂತೆ ಬರೆದುಕೊಂಡು ಹೋಗುತ್ತಿದ್ದ. ಪದಗಳ ನಡುವೆ ತೆರಪಿಲ್ಲ. ಇಕಾರ, ಉಕಾರಗಳಲ್ಲಿ ಹ್ರಸ್ವ ದೀರ್ಘದ ಭೇದವಿಲ್ಲ. ಮರಾಠಿ ಬಲ್ಲವರಿಗೂ ಮೋಡಿ ಬರುವುದಿಲ್ಲ, ಅದನ್ನು ಬೇರೆಯಾಗಿಯೇ ಕಲಿಯಬೇಕು. ಪೇಶ್ವೆಯರ ದಫ್ತರ ಇಂದಿಗೂ ಪುಣೆಯಲ್ಲಿದೆ. ಇತಿಹಾಸಕಾರ ಗೋವಿಂದ ಸಖಾರಾಮ ಸರದೇಸಾಯಿ ಅವರು 1930ರ ದಶಕದಲ್ಲಿ ಅದರಿಂದ ಆಯ್ದ ಕಾಗದಗಳನ್ನು 45 ಸಂಪುಟಗಳಲ್ಲಿ ಪ್ರಕಟಿಸಿದರು. ಆದರೂ ಅಚ್ಚಾದದ್ದು ಅಲ್ಲಿರುವುದರಲ್ಲಿ ಸ್ವಲ್ಪ ಭಾಗ ಮಾತ್ರ.

ಕಂಪನಿ ಸರಕಾರ ಬಂದಮೇಲೂ ಮರಾಠಿ ಒಮ್ಮೆಲೇ ಹೋಗಲಿಲ್ಲ. ಕಾರಕೂನರು ಅವರೇ, ಬರಹ ಅದೇ. ಧಾರವಾಡದಲ್ಲಿ ವಾಲ್ಟರ್ ಎಲಿಯಟ್ಟನಂಥ ಅಧಿಕಾರಿಗಳು, ಆಮೇಲೆ ಡೆಪ್ಯುಟಿ ಚೆನ್ನಬಸಪ್ಪನವರು ಪಟ್ಟು ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸಿದ ಮೇಲೆ ಕನ್ನಡ ಬರೆಯುವವರು ಹೆಚ್ಚಿದರು. ಹಾಗಾಗಿ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಮೇಲಿನ ಕಾಗದ ಕನ್ನಡದ್ದು, ಅದರ ಕೆಳಗಿನದು ಮೋಡಿಯದು ಆಗಿದ್ದರೆ ಆಶ್ಚರ್ಯಪಡಬೇಡಿ. ಓದಲು ಬಾರದೆಂದು ಅದನ್ನು ಒಲೆಗೆ ಹಾಕಲೂ ಬೇಡಿ. ಎಷ್ಟೋ ಮನೆಗಳಲ್ಲಿ ಗೆದ್ದಲಿಗೆ ಸಿಕ್ಕಿದ್ದು ಒಂದು ಪಾಲಾದರೆ, ಏನೋ ಹಳೆಯ ಕಾಗದ ಎಂದು ಸುಟ್ಟದ್ದು ಇನ್ನೊಂದು ಪಾಲು.

ಲಿಪಿ ಓದಿದರೂ ವರ್ಷ ತಿಳಿಯುವುದು ಸುಲಭವಲ್ಲ. ಮರಾಠರ ಕಾಗದಗಳಲ್ಲಿ ಸುಹೂರ್ ಸನ್ ಎಂಬ ಗಣನೆ ಇರುತ್ತದೆ. ಅದರ ಅಂಕಿಗಳನ್ನು ಅರಬ್ಬಿ ಪದಗಳಲ್ಲಿ ಬರೆಯುತ್ತಿದ್ದರು. ‘ಸೀತ್ ಸಮಾನೀನ್ ಮಯಾ ವ ಅಲಫ್’ ಎಂದರೆ ಆರು, ಎಂಬತ್ತು, ನೂರು, ಸಾವಿರ, ಅಂದರೆ 1186. ಅದಕ್ಕೆ 599 ಕೂಡಿಸಿದರೆ 1785. ಟಿಪ್ಪೂವಿನ ಸೈನ್ಯ ನರಗುಂದವನ್ನು ಗೆದ್ದ ವರ್ಷವದು. ಈ ಸನ್ ಜನವರಿಗೆ ಹೊರಳುವುದಿಲ್ಲ, ಯುಗಾದಿಗೂ ಹೊರಳುವುದಿಲ್ಲ. ಮೃಗಶಿರ ಮಳೆ ಕೂಡುವಾಗ, ಅಂದರೆ ಜೂನ್ ಮೊದಲ ವಾರದಲ್ಲಿ, ಹೊರಳುತ್ತದೆ. ಒಕ್ಕಲುತನದ ವರ್ಷವೇ ಸರಕಾರದ ವರ್ಷವಾಗಿತ್ತು. ಫಸಲಿ ಎಂದಿದ್ದರೆ 590 ಕೂಡಿಸಬೇಕು: ಫಸಲಿ 1228 ಎಂದರೆ 1818. ಶಕವಾದರೆ 78. ಸಂವತ್ಸರದ ಹೆಸರು ಮಾತ್ರ ಇದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ‘ಧಾತು ಸಂವತ್ಸರದಲ್ಲಿ ಊರು ಬಿಟ್ಟು ಬಂದೆವು’ ಎಂದು ಅಜ್ಜಿ ಹೇಳಿದ್ದರೆ ಅದು 1876ರದೋ 1936ರದೋ ಎಂದು ಕೇಳಬೇಕು. ಬರದ ಮಾತು ಬಂದರೆ 1876ರದೇ ಇರಬೇಕು. ಧಾತು, ಈಶ್ವರ ಸಂವತ್ಸರಗಳ ಆ ದೊಡ್ಡ ಬರ ಈ ಭಾಗದ ಎಷ್ಟೋ ಮನೆತನಗಳನ್ನು ಊರು ಬಿಡಿಸಿತು.

ವಂಶದ ಪ್ರಶ್ನೆ, ಸಂಸ್ಥಾನದ ಅಳಿವು

ಇಂಗ್ಲಿಷರಿಗೆ ನಮ್ಮಿಂದ ಬೇಕಾದದ್ದು ಮುಖ್ಯವಾಗಿ ಭೂಮಿಯ ಕಂದಾಯ. ಅದಕ್ಕಾಗಿ ಅವರು ಎರಡು ಕೆಲಸ ಮಾಡಿದರು. ಒಂದು ಮೋಜಣಿ. ಜಾರ್ಜ್ ವಿಂಗೇಟನ ನೇತೃತ್ವದಲ್ಲಿ 1843ರಿಂದ ದಕ್ಷಿಣ ಮರಾಠಾ ಸೀಮೆಯ ಹೊಲಹೊಲವನ್ನೂ ಅಳೆದು, ನಂಬರು ಕೊಟ್ಟು, ಮಣ್ಣಿನ ತರಗತಿ ನೋಡಿ ಆಕಾರ ಗೊತ್ತುಮಾಡಿದರು. ಇಂದಿನ ನಿಮ್ಮ ಉತಾರದಲ್ಲಿರುವ ಸರ್ವೆ ನಂಬರಿನ ಮೂಲ ಅಲ್ಲಿದೆ. ಎರಡನೆಯದು ಇನಾಮುಗಳ ವಿಚಾರಣೆ. ಯಾರು ಯಾರು ಕಂದಾಯವಿಲ್ಲದೆ ಹೊಲ ಉಣ್ಣುತ್ತಿದ್ದಾರೆ, ಅವರಿಗೆ ಅದನ್ನು ಕೊಟ್ಟವರು ಯಾರು, ಸನದು ಎಲ್ಲಿ ಎಂಬ ತಪಾಸಣೆ ಅದೇ 1843ರಲ್ಲಿ ನಮ್ಮ ಸೀಮೆಯಲ್ಲೇ ಆರಂಭವಾಯಿತು. 1852ರಲ್ಲಿ ಅದಕ್ಕೆ ಕಾನೂನಿನ ಬಲವೂ ಬಂದಿತು.

ಸ್ವೀಡನ್ನಿನಲ್ಲೂ ಇಂಥದೇ ನಡೆದಿತ್ತು. 1680ರಲ್ಲಿ ಅಲ್ಲಿನ ದೊರೆ ಹನ್ನೊಂದನೆಯ ಚಾರ್ಲ್ಸ್ ಹಿಂದಿನವರು ಸರದಾರರಿಗೆ ಕೊಟ್ಟಿದ್ದ ಭೂಮಿಗಳನ್ನು ಮರಳಿ ಪಡೆಯಲು ಹೊರಟ. ಫಿನ್‌ಲ್ಯಾಂಡಿನ ಜಹಗೀರುಗಳೂ ಅದರಲ್ಲಿ ಹೋದವು. ಭೂಮಿ ಕಸಿಯುವ ಸರಕಾರ ಮೊದಲು ವಂಶದ ಕಾಗದ ಕೇಳುತ್ತದೆ. ಆಸ್ತಿ ಉಳಿಸಿಕೊಳ್ಳಲು ಜನ ತಮ್ಮ ವಂಶವನ್ನು ಬರೆದು ಕೊಡುತ್ತಾರೆ. ಇನಾಮು ತಪಾಸಣೆಯ ಕಡತಗಳು ವಂಶ ಹುಡುಕುವವರಿಗೆ ನಿಧಿಯಾದದ್ದು ಹೀಗೆ. ಆ ಕಾಲದ ಜನರಿಗೆ ಮಾತ್ರ ಅವು ಸಂಕಟದ ಕಾಗದಗಳು.

ಆ ಸಂಕಟ ಎಲ್ಲಿಗೆ ಮುಟ್ಟಿತೆಂಬುದಕ್ಕೆ ನರಗುಂದಕ್ಕಿಂತ ಬೇರೆ ಸಾಕ್ಷಿ ಬೇಡ. ನರಗುಂದದ ಬಾಬಾಸಾಹೇಬ, ಅಂದರೆ ಭಾಸ್ಕರರಾವ ಭಾವೆ, ಅವರಿಗೆ ಗಂಡುಸಂತಾನ ಉಳಿದಿರಲಿಲ್ಲ. ದತ್ತಕಕ್ಕೆ ಅಪ್ಪಣೆ ಬೇಡಿದರು. ಸರಕಾರ ಕೊಡಲಿಲ್ಲ. ನಮ್ಮ ಧರ್ಮಶಾಸ್ತ್ರದ ಪ್ರಕಾರ ದತ್ತಕ ಮಗನೂ ಮಗನೇ, ಕಂಪನಿಯ ಲೆಕ್ಕದಲ್ಲಿ ಅವನು ವಾರಸುದಾರನಲ್ಲ. 1824ರಲ್ಲಿ ಕಿತ್ತೂರಿನಲ್ಲಿ ಯುದ್ಧಕ್ಕೆ ಕಾರಣವಾದದ್ದೂ ಇದೇ ದತ್ತಕದ ಪ್ರಶ್ನೆ. 1858ರ ಮೇ 29ರಂದು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್‌ಸನ್ ನರಗುಂದದವರ ಕೈಯಲ್ಲಿ ಹತನಾದ. ಅವನು ಅದಕ್ಕೂ ಮೊದಲು ಇನಾಮು ತಪಾಸಣೆಯ ಕೆಲಸದಲ್ಲಿದ್ದವನು ಎಂಬುದನ್ನು ಗಮನಿಸಬೇಕು. ಕೆಲವೇ ದಿನಗಳಲ್ಲಿ ನರಗುಂದ ಬಿದ್ದಿತು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಯಾರು ಯಾರ ಮಗ ಎಂದು ಬರೆಯುವ ಅಧಿಕಾರ ಯಾರದು ಎಂಬ ಜಗಳದಲ್ಲಿ ಒಂದು ಸಂಸ್ಥಾನವೇ ಮುಗಿಯಿತು.

ಅಡ್ಡಹೆಸರೂ ಒಂದು ದಾಖಲೆ

ಸಂಸ್ಥಾನಿಕರ ಮಾತು ಅಲ್ಲಿಗಿರಲಿ. ಸಾಮಾನ್ಯ ಮನೆತನಗಳಿಗೆ ಹತ್ತಿರದ ದಾಖಲೆ ವತನದ್ದು. ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ನಾಡಗೌಡ, ತಳವಾರ, ವಾಲಿಕಾರ, ಸನದಿ. ಇವು ಮೊದಲು ಕೆಲಸದ ಹೆಸರುಗಳು, ಆಮೇಲೆ ಮನೆತನದ ಹೆಸರುಗಳಾದವು. ಕೆಲಸಕ್ಕೆ ಹೊಲವಿತ್ತು, ಹೊಲಕ್ಕೆ ವಾರಸುದಾರರಿದ್ದರು. 1874ರಲ್ಲಿ ಮುಂಬಯಿ ಸರಕಾರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಮಾಡಿತು. ಒಂದು ವತನಕ್ಕೆ ನಾಲ್ಕು ಅಣ್ಣತಮ್ಮಂದಿರ ಕವಲುಗಳಿದ್ದರೆ ಯಾವ ಕವಲಿನವರು ಯಾವಾಗ ಚಾಕರಿ ಮಾಡಬೇಕೆಂದು ತೀರ್ಮಾನಿಸಲು ವಂಶಾವಳಿ ಬೇಕಾಯಿತು. ಪರಗಣೆ ಮತ್ತು ಕುಲಕರ್ಣಿ ವತನಗಳು 1950ರ ಮುಂಬಯಿ ಕಾಯ್ದೆಯಿಂದ ರದ್ದಾದವು. ಉಳಿದ ಗ್ರಾಮ ಹುದ್ದೆಗಳು 1961ರ ಮೈಸೂರು ರಾಜ್ಯದ ಕಾಯ್ದೆಯಿಂದ ಹೋದವು. ಆಗ ಆ ಹೊಲಗಳನ್ನು ಹಿಡುವಳಿದಾರರಿಗೆ ಮರುಮಂಜೂರಿ ಮಾಡಿದರು. ತಳವಾರ, ವಾಲಿಕಾರ ಮನೆತನದವರು ಈ ಮರುಮಂಜೂರಿ ಕಡತವನ್ನು ಮರೆಯದೆ ನೋಡಬೇಕು.

ಇನ್ನೊಂದು ಬಗೆಯ ಅಡ್ಡಹೆಸರು ಊರಿನದು. ಸೂಡಿ, ರೋಣದ, ನರೇಗಲ್ಲ, ರಾಜೂರ. ಇದರಲ್ಲಿ ಒಂದು ಮೋಜಿನ ಸಂಗತಿಯಿದೆ. ರಾಜೂರ ಎಂಬ ಅಡ್ಡಹೆಸರಿನವರನ್ನು ಹುಡುಕಬೇಕಾದರೆ ರಾಜೂರಿನ ಹೊರಗೆ ಹೋಗಬೇಕು. ಊರಿನಲ್ಲೇ ಇರುವವನನ್ನು ಊರಿನ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಬೇರೆ ಊರಿಗೆ ಹೋಗಿ ನೆಲೆಸಿದಾಗ ಅಲ್ಲಿನವರು ‘ರಾಜೂರದವರು’ ಎನ್ನುತ್ತಾರೆ. ಅದು ಮನೆತನಕ್ಕೆ ಅಂಟಿಕೊಳ್ಳುತ್ತದೆ. ಪಶ್ಚಿಮ ಫಿನ್‌ಲ್ಯಾಂಡಿನಲ್ಲಿ ಇದರ ತಿರುಗುಮುರುಗು. ಅಲ್ಲಿ ರೈತ ಯಾವ ಹೊಲಮನೆಗೆ ಹೋಗಿ ಸೇರಿದನೋ ಆ ಹೊಲಮನೆಯ ಹೆಸರು ಅವನದಾಗುತ್ತಿತ್ತು. ಅಲ್ಲಿ ಹೆಸರು ಸೇರಿದ ಜಾಗ ಹೇಳಿದರೆ ಇಲ್ಲಿ ಬಿಟ್ಟುಬಂದ ಜಾಗ ಹೇಳುತ್ತದೆ. ನಿಮ್ಮ ಅಡ್ಡಹೆಸರು ಊರಿನದಾಗಿದ್ದರೆ ಹುಡುಕಾಟದ ಮೊದಲ ಬಸ್ಸು ಆ ಊರಿಗೆ ಎಂದು ತಿಳಿಯಿರಿ.

ದಫ್ತರದಲ್ಲಿ ಇಲ್ಲದವರು

ಇಷ್ಟು ಹೇಳಿದ ಮೇಲೆ ಕಠಿಣವಾದ ಮಾತೊಂದನ್ನು ಹೇಳಬೇಕು. ಆದಿಲಶಾಹಿಯಿಂದ ಮುಂಬಯಿ ಸರಕಾರದವರೆಗೆ ಎಲ್ಲರೂ ಮುಖ್ಯವಾಗಿ ಬರೆದದ್ದು ಹೊಲದ ಲೆಕ್ಕ. ಹೊಲವಿದ್ದವನು ಕಾಗದದಲ್ಲಿ ಬಂದ. ಹೊಲವಿಲ್ಲದವನು ಬರಲಿಲ್ಲ. ಜೀತಕ್ಕಿದ್ದವನು, ಕೂಲಿ ಮಾಡಿದವನು, ಮಗ್ಗದ ಮುಂದೆ ಕುಳಿತವನು ಹೊಲದ ಪುಸ್ತಕದಲ್ಲಿ ಸಿಗುವುದಿಲ್ಲ. ಜನಗಣತಿ 1872ರಲ್ಲೇ ಬಂದಿತಾದರೂ ಅದು ನಮಗೆ ಉಳಿಸಿಕೊಟ್ಟದ್ದು ತಲೆಗಳ ಸಂಖ್ಯೆಯನ್ನು, ಹೆಸರುಗಳನ್ನಲ್ಲ.

ಹೆಂಗಸರ ಸ್ಥಿತಿ ಇನ್ನೂ ಕಷ್ಟದ್ದು. ನಮ್ಮ ಹಳೆಯ ವಂಶಾವಳಿಗಳನ್ನು ಬಿಡಿಸಿ ನೋಡಿ. ಅಪ್ಪ, ಅವನ ಕೆಳಗೆ ಮೂರು ಗಂಡುಮಕ್ಕಳು, ಅವರ ಕೆಳಗೆ ಮತ್ತೆ ಗಂಡುಮಕ್ಕಳು. ಎರಡು ನೂರು ವರ್ಷ ಹೆಂಗಸರಿಲ್ಲದೆ ಮನೆತನ ನಡೆದಂತೆ ಕಾಣುತ್ತದೆ. ಎಲ್ಲಾದರೂ ಒಬ್ಬ ಹೆಂಗಸಿನ ಹೆಸರು ಬಂದರೆ ಅವಳು ಗಂಡನಿಲ್ಲದವಳು, ಹೊಲ ಅವಳ ಹೆಸರಿಗೆ ಬಂದಿದೆ ಎಂದರ್ಥ. ಕೆಲವು ಮನೆತನಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯಿತ್ತು. ಹೆಸರು ಹೋಯಿತು, ತವರಿನ ಅಡ್ಡಹೆಸರು ಹೋಯಿತು, ಅವಳಿಂದ ಹಿಂದಕ್ಕೆ ಹೋಗುವ ದಾರಿಯೇ ಮುಚ್ಚಿತು.

ಫಿನ್‌ಲ್ಯಾಂಡಿನ ಚರ್ಚ್ ಪುಸ್ತಕದಲ್ಲಿ ಹೀಗಾಗಲಿಲ್ಲ. ರೈತರ ಮನೆಯ ಹೆಣ್ಣುಮಗಳು ಮದುವೆಯಾದ ಮೇಲೂ ಇಂಥವರ ಮಗಳು ಎಂದೇ ಬರೆಸಿಕೊಳ್ಳುತ್ತಿದ್ದಳು. ಮ್ಯಾಟ್ಸನ ಮಗಳು ಸಾಯುವತನಕ ಮ್ಯಾಟ್ಸನ ಮಗಳೇ. ಅದರಿಂದ ತಾಯಿಯ ತಂದೆ, ಅವಳ ತಾಯಿಯ ತಂದೆ ಹೀಗೆ ತಾಯಿಯ ಕಡೆಯಿಂದಲೂ ಹಿಂದಕ್ಕೆ ಹೋಗಬಹುದು. ನಮ್ಮಲ್ಲಿ ತಾಯಿಯ ತಾಯಿಯ ತಾಯಿಯ ಹೆಸರು ಎಷ್ಟು ಜನರಿಗೆ ಗೊತ್ತು? ಈ ಸಭೆಯಲ್ಲಿ ಕೈ ಎತ್ತಿ ಎಂದು ನಾನು ಕೇಳುವುದಿಲ್ಲ. ಮನೆಗೆ ಹೋಗಿ ನೀವೇ ಕೇಳಿಕೊಳ್ಳಿ.

ಇದು ಬರೀ ಕುತೂಹಲದ ಮಾತಲ್ಲ. 1994ರಲ್ಲಿ ಕರ್ನಾಟಕದ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಆ ಕಾನೂನು ಬಂದಿತು. ಹುಟ್ಟಿನಿಂದಲೇ ಅವಳಿಗೆ ಆ ಹಕ್ಕಿದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಕಾನೂನು ಬದಲಾಯಿತು, ವಂಶಾವಳಿ ಬರೆಸುವ ಕೈ ಇನ್ನೂ ಬದಲಾಗಿಲ್ಲ. ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರನ್ನು ‘ಮರೆತು’ ಬಿಡುವುದು ಹೊಸದೇನಲ್ಲ. ಹಿಂದೆ ಸರಕಾರಕ್ಕೆ ಹೆಂಗಸರ ಹೆಸರು ಬೇಕಿರಲಿಲ್ಲ. ಈಗ ಸರಕಾರ ಕೇಳುತ್ತದೆ, ಬಿಡುವವರು ನಾವು.

ಹೆಳವರ ಎತ್ತು, ಶಾಲೆಯ ರಜಿಸ್ಟರು

ಹಾಗಾದರೆ ಸರಕಾರದ ದಫ್ತರದ ಹೊರಗೆ ಏನೂ ಇಲ್ಲವೇ? ಇದೆ. ಫಿನ್‌ಲ್ಯಾಂಡಿಗೆ ಪಾದ್ರಿ ಇದ್ದಂತೆ ನಮ್ಮ ಉತ್ತರ ಕರ್ನಾಟಕಕ್ಕೆ ಹೆಳವರಿದ್ದಾರೆ. ಗಂಟೆ ಕಟ್ಟಿದ ಎತ್ತಿನ ಮೇಲೆ ಸುಗ್ಗಿ ಮುಗಿದ ಮೇಲೆ ಊರಿಗೆ ಬರುವ ಹೆಳವನನ್ನು ಹಿರಿಯರೆಲ್ಲ ನೋಡಿರುತ್ತೀರಿ. ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಹೇಳುತ್ತಾನೆ: ಯಾವ ಊರಿನಿಂದ ಬಂದಿರಿ, ಯಾವ ಬೆಡಗಿನವರು, ಅಣ್ಣತಮ್ಮಂದಿರು ಎಲ್ಲಿ ಬೇರೆಯಾದರು. ಒಂದೊಂದು ಹೆಳವರ ಮನೆತನಕ್ಕೆ ಇಷ್ಟಿಷ್ಟು ಊರು, ಇಷ್ಟಿಷ್ಟು ಒಕ್ಕಲು ಎಂದು ಗೊತ್ತಾಗಿರುತ್ತದೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಕೇಳಿ ಸೇರಿಸಿಕೊಂಡು ಕಾಳುಕಡಿ, ಬಟ್ಟೆ, ಹಣ ಪಡೆದು ಮುಂದಿನ ಊರಿಗೆ ಹೋಗುತ್ತಾನೆ. ಬಾಯಿಪಾಠವಾಗಿದ್ದದ್ದು ಈಗ ಪುಸ್ತಕಕ್ಕೂ ಇಳಿದಿದೆ. ಎಷ್ಟು ಸರಕಾರ ಬದಲಾದರೂ ಹೆಳವರ ಭಾಷೆ ಬದಲಾಗಲಿಲ್ಲ. ಅವರ ದಾಖಲೆ ಕನ್ನಡದ್ದು.

ಆದರೆ ಹೆಳವರ ಹೇಳಿಕೆಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಕಾಣಿಕೆ ಕೊಡುವ ಮನೆತನವನ್ನು ಹೊಗಳುವುದು ಅವರ ವೃತ್ತಿಯ ಧರ್ಮ. ಮೂಲಪುರುಷ ದೊಡ್ಡವನಾಗಿಯೇ ಇರುತ್ತಾನೆ. ಹತ್ತಿರದ ಏಳೆಂಟು ತಲೆಮಾರಿನ ಹೆಸರುಗಳನ್ನು ಹೊಲದ ಕಾಗದದೊಂದಿಗೆ ಹೋಲಿಸಿ ನೋಡಿದರೆ ಎರಡರ ತಪ್ಪೊಪ್ಪುಗಳೂ ತಿಳಿಯುತ್ತವೆ. ದುಃಖದ ಸಂಗತಿಯೆಂದರೆ ಹೆಳವರ ಮಕ್ಕಳು ಈಗ ಬೇರೆ ಕೆಲಸಗಳಿಗೆ ಹೋಗುತ್ತಿದ್ದಾರೆ. ಅವರು ಓದಿ ಮುಂದೆ ಬರುವುದು ಒಳ್ಳೆಯದೇ. ಆದರೆ ಅವರ ಹಿರಿಯರು ಹೊತ್ತು ತಂದದ್ದನ್ನು ಬರೆದುಕೊಳ್ಳುವ ಕೆಲಸ ನಮ್ಮದು.

ಹೊಲವಿಲ್ಲದ ಮನೆತನಗಳಿಗೆ ಇನ್ನೊಂದು ದಾರಿ ಶಾಲೆಯ ಜನರಲ್ ರಜಿಸ್ಟರು. ಹುಡುಗನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನ ಅದರಲ್ಲಿ ಇರುತ್ತದೆ. ಹುಟ್ಟಿದ ದಿನವನ್ನು ಮಾತ್ರ ಪೂರ್ತಿ ನಂಬಬೇಡಿ. ಈ ನಾಡಿನಲ್ಲಿ ಎಷ್ಟೋ ಜನ ಜೂನ್ 1ರಂದೇ ಹುಟ್ಟಿದ್ದಾರೆ. ಹೆಸರು ಹಚ್ಚಿದ ಮಾಸ್ತರರ ಕೃಪೆ ಅದು. ಪರರ ಹೊಲ ಮಾಡಿದವರಾಗಿದ್ದರೆ 1974ರ ಭೂಸುಧಾರಣೆಯ ನಂತರ ಭೂ ನ್ಯಾಯಮಂಡಳಿಗೆ ಕೊಟ್ಟ ನಮೂನೆ 7ರ ಅರ್ಜಿ ನೋಡಿ. ಹಿಂದೆ ಯಾವ ಪುಸ್ತಕದಲ್ಲೂ ಬಾರದ ಮನೆತನಗಳ ಹೆಸರು ಅಲ್ಲಿ ಬಂದಿರುತ್ತದೆ. ಹಿರಿಯರು ಕಾಶಿಗೋ ತ್ರ್ಯಂಬಕೇಶ್ವರಕ್ಕೋ ಹೋಗಿದ್ದರೆ ಅಲ್ಲಿನ ತೀರ್ಥಪುರೋಹಿತರ ವಹಿಯಲ್ಲಿ ಹೆಸರಿರಬಹುದು.

ಎಲ್ಲಿಂದ ಆರಂಭಿಸಬೇಕು

ಕೊನೆಯದಾಗಿ, ಮಾಡುವ ಕ್ರಮ ಹೇಳಿ ಮುಗಿಸುತ್ತೇನೆ. ಈ ಕೆಲಸ ಯಾವಾಗಲೂ ಇಂದಿನಿಂದ ಹಿಂದಕ್ಕೆ ಹೋಗಬೇಕು. ದೊಡ್ಡ ಮನೆತನವೊಂದನ್ನು ಮೊದಲೇ ಆರಿಸಿಕೊಂಡು ಅಲ್ಲಿಂದ ನಮ್ಮ ಮನೆಗೆ ದಾರಿ ಹಾಕುವುದು ಸುಳ್ಳಿನ ಕೆಲಸ. ಮೊದಲು ಮನೆಯ ಹಿರಿಯರ ಮಾತು ಬರೆದುಕೊಳ್ಳಿ. ಆಮೇಲೆ ಉತಾರ, ಅದರಿಂದ ಹಿಂದಿನ ವಾರಸಾ ನೋಂದಣಿಗಳು. ಪಹಣಿಗಳು ಗಣಕಯಂತ್ರಕ್ಕೆ ಬಂದದ್ದು 2000ರ ಆಸುಪಾಸಿನಲ್ಲಿ. ಅದಕ್ಕಿಂತ ಹಿಂದಿನದು ಕೈಬರಹದ ಪುಸ್ತಕ, ತಾಲೂಕು ಕಚೇರಿಯ ರಿಕಾರ್ಡು ಕೋಣೆಯಲ್ಲಿ ಕೇಳಬೇಕು. ಮುಂಬಯಿ ಇಲಾಖೆಯಲ್ಲಿ ಹಕ್ಕುಪತ್ರದ ಪುಸ್ತಕ 1903ರ ಕಾಯ್ದೆಯಿಂದ ಆರಂಭವಾದದ್ದು. ಅದಕ್ಕೂ ಹಿಂದೆ ಮೋಜಣಿ, ಇನಾಮು, ವತನ. ಅದಕ್ಕೂ ಹಿಂದೆ ಮೋಡಿ. ಪ್ರತಿ ಮೆಟ್ಟಿಲಲ್ಲೂ ಒಂದೇ ಪ್ರಶ್ನೆ ಕೇಳಿ: ಆಗ ಆಳುತ್ತಿದ್ದವರು ಯಾರು, ಅವರು ಏನನ್ನು ಬರೆಯುತ್ತಿದ್ದರು, ನಮ್ಮವರು ಅವರಿಗೆ ಯಾವ ಲೆಕ್ಕದಲ್ಲಿ ಬೇಕಾಗಿದ್ದರು?

ಮೋಡಿ ಕಾಗದ ಇರುವವರು ಅದನ್ನು ಮೊಬೈಲಿನಲ್ಲಿ ಸ್ಪಷ್ಟವಾಗಿ ಫೋಟೋ ತೆಗೆದಿಟ್ಟುಕೊಳ್ಳಿ. ಮೂಲ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಅಂಟಿಸಬೇಡಿ. ಒಣ ಬಟ್ಟೆಯಲ್ಲಿ ಸುತ್ತಿಡಿ. ಇಲ್ಲಿ ಕುಳಿತಿರುವ ಕಾಲೇಜಿನ ಹುಡುಗ ಹುಡುಗಿಯರಲ್ಲಿ ಇಬ್ಬರು ಮೋಡಿ ಕಲಿತರೆ ಸುತ್ತಲಿನ ಹತ್ತು ಊರಿನ ಪೆಟ್ಟಿಗೆಗಳು ಮಾತನಾಡುತ್ತವೆ.

ದಫ್ತರದಲ್ಲಿ ಇಲ್ಲದವರ ಹೆಸರನ್ನು ಹಿಂದಕ್ಕೆ ಹೋಗಿ ಯಾರೂ ಬರೆಯಲಾರರು. ಆದರೆ ಇನ್ನೂ ನೆನಪಿನಲ್ಲಿರುವವರನ್ನು ಬರೆಯಬಹುದು. ಒಂದು ನೋಟುಬುಕ್ಕು ತನ್ನಿ. ಗಂಡಸರ ಸಾಲಿನ ಪಕ್ಕದಲ್ಲಿ ಅವರ ಹೆಂಡಿರ ಹೆಸರು, ತವರೂರು, ಅವರ ತಂದೆತಾಯಿಯ ಹೆಸರು ಬರೆಯಿರಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಎಳೆತನದಲ್ಲಿ ತೀರಿಹೋದ ಮಕ್ಕಳು, ಮನೆಯಲ್ಲೇ ದುಡಿದು ಮುಪ್ಪಾದ ಆಳುಮಗ, ಎಲ್ಲರನ್ನೂ ಬರೆಯಿರಿ. ಆಳುವವರಿಗೆ ಬೇಕಾದವರಷ್ಟೇ ಇಷ್ಟು ದಿನ ಕಾಗದದಲ್ಲಿ ಉಳಿದರು. ನಮಗೆ ಬೇಕಾದವರ ಪುಸ್ತಕವನ್ನು ನಾವೇ ಬರೆಯಬೇಕು, ಅದೂ ಕನ್ನಡದಲ್ಲಿ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಈ ರಾತ್ರಿಯೇ ಅವರ ಹತ್ತಿರ ಕುಳಿತುಕೊಳ್ಳಿ. ಮುಂದಿನ ಸುಗ್ಗಿಗೆ ಹೆಳವ ಬಂದೇ ಬರುತ್ತಾನೆ ಎಂಬ ಭರವಸೆಯಿಲ್ಲ.